ಭೋಸರಿಯ ರೊಟ್ಟಿ ಮಷಿನ್: ಕೊಂಡು ಬಳಸಿದವಳ ಮಾತು

ಮೊದಲೇ ಹೇಳಿಬಿಡುತ್ತೇನೆ, ಮಷಿನ್ ಚೆನ್ನಾಗಿದೆ. ಐದರಲ್ಲಿ ನಾಲ್ಕು ಅಂಕ. ಒಂದು ಯಾಕೆ ಹೋಯ್ತು ಅನ್ನೋದು ಮುಂದೆ ಇದೆ. ಮಾಡಿದವರ ಹೆಸರು ಮಾತ್ರ ಕೇಳಬೇಡಿ. ಬರೆಯುತ್ತೇನೆ ಅಂದಾಗ ಅವರೇ ಕೈ ಮುಗಿದರು: "ಹೆಸರು ಹಾಕಬ್ಯಾಡ್ರಿ ಅಕ್ಕಾರ, ಇರೋ ಆರ್ಡರೇ ಮುಗಿಸಾಕ ಆಗವಲ್ದು."

ನಾನು ಇಂಡಿ ಕಡೆಯವಳು. ಪುಣೆ ಪಕ್ಕದ ಚಿಂಚವಡದಲ್ಲಿ ಕಡಕ್ ಜೋಳದ ರೊಟ್ಟಿಯ ಚಿಕ್ಕ ಯೂನಿಟ್ ನಡೆಸುತ್ತೇನೆ. ಪಿಂಪ್ರಿ, ಆಕುರ್ಡಿ, ನಿಗಡಿಯ ಖಾನಾವಳಿಗಳಿಗೂ ಕಿರಾಣಿ ಅಂಗಡಿಗಳಿಗೂ ಕೊಡುತ್ತೇವೆ. ಬಿಸಿ ಮೆತ್ತನೆ ರೊಟ್ಟಿಯನ್ನು ಇವತ್ತಿಗೂ ಕೈಯಲ್ಲೇ ಬಡಿಯುತ್ತೇವೆ. ಅದಕ್ಕೆ ಯಾವ ಮಷಿನ್ನೂ ಸಾಟಿ ಇಲ್ಲ, ವಾದ ಬೇಡ. ಕಡಕ್ ರೊಟ್ಟಿ ಬೇರೆ ಲೆಕ್ಕ. ಅದು ಒಂದೇ ಅಳತೆಗೆ, ಒಂದೇ ದಪ್ಪಕ್ಕೆ ಬರಬೇಕು, ಇಲ್ಲದಿದ್ದರೆ ಪ್ಯಾಕೆಟ್ಟಿನಲ್ಲೇ ಮುರಿದು ಪುಡಿಯಾಗುತ್ತದೆ.

ಮುಂಚೆ ಇದ್ದದ್ದು ಚೀನಾದ ಮಷಿನ್. ಒಬ್ಬ ಡೀಲರ್ ತರಿಸಿಕೊಟ್ಟಿದ್ದ. ನೋಡೋಕೆ ಬಲು ಚೆಂದ, ಟಚ್ ಸ್ಕ್ರೀನ್ ಬೇರೆ. ಆದರೆ ಅದು ಗೋಧಿಗೆ, ಮೈದಾಕ್ಕೆ ಮಾಡಿದ್ದು. ಜೋಳದ ಹಿಟ್ಟಿಗೆ ಗೋಧಿಯ ಅಂಟು ಎಲ್ಲಿಂದ ಬರಬೇಕು? ಕುದಿಯೋ ಎಸರಲ್ಲಿ ನಾದಿದರೆ ಮಾತ್ರ ಕೂಡಿಕೊಳ್ಳುತ್ತದೆ, ಆರಿದರೆ ಬಿರಿಯುತ್ತದೆ. ಹೇಗೋ ಸಂಭಾಳಿಸುತ್ತಿದ್ದೆವು. ಒಂದು ದಿನ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಕಾರ್ಡ್ ಸುಟ್ಟಿತು. "ಆ ಮಾಡೆಲ್ ನಿಂತುಹೋಗಿದೆ ಮೇಡಂ, ಹೊಸದು ತಗೊಳ್ಳಿ" ಅಂದ ಡೀಲರ್. ಕಾರ್ಡ್ ಹಿಡಿದುಕೊಂಡು ಪುಣೆಯ ಬುಧವಾರ ಪೇಟೆಗೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ್ ಗಲ್ಲಿಗೆ ಹೋದೆ. ರಿಪೇರಿಯವ ಭೂತಗನ್ನಡಿ ಇಟ್ಟು ನೋಡಿ ನಕ್ಕುಬಿಟ್ಟ. ಚಿಪ್ಪಿನ ಮೇಲಿನ ನಂಬರನ್ನೇ ಉಜ್ಜಿ ಅಳಿಸಿದ್ದರು! ಯಾವ ಚಿಪ್ ಅಂತಲೇ ಗೊತ್ತಾಗದಿದ್ದರೆ ಬದಲಿಸೋದು ಹೇಗೆ? ಲಕ್ಷಗಟ್ಟಲೆ ಕೊಟ್ಟ ಮಷಿನ್ ಕೊನೆಗೆ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಯ್ತು.

ಆಮೇಲೆ ಯಾರೋ ನಮ್ಮ ಪಕ್ಕದ ಕೈಗಾರಿಕಾ ಪ್ರದೇಶ ಭೋಸರಿಯ ಇವರ ದಾರಿ ತೋರಿಸಿದರು. ಟೆಲ್ಕೋ ರೋಡಿನಿಂದ ಒಳಗೆ, ಬೋರ್ಡ್ ಕೂಡ ಇಲ್ಲದ ಶೆಡ್. ಮಾಲೀಕರು ನಿಪ್ಪಾಣಿ ಕಡೆಯವರು. ಮಷಿನ್ ತೋರಿಸೋಕೆ ಮುಂಚೆ "ಯಾವ ಜೋಳ ಬಳಸ್ತೀರಿ?" ಅಂತ ಕೇಳಿದರು. ಮಾಲ್ದಂಡಿ ಅಂದೆ. "ನಿಮ್ಮ ಹಿಟ್ಟೇ ತಗೊಂಡು ಬರ್ರಿ" ಅಂದರು. ಅಲ್ಲೇ ಎಸರಿಟ್ಟು ನಾದಿ ಹಾಕಿ ನೋಡಿದೆವು. ಅಂಚು ಬಿರಿಯಿತು. ಅವರು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಹಿಟ್ಟು ಹಾಕುವ ಹಾಪರ್ ಸುತ್ತ ಇನ್ನೊಂದು ತಗಡು ಕೂರಿಸಿ, ಮಧ್ಯೆ ಬಿಸಿನೀರು ಓಡಾಡುವ ಹಾಗೆ ಮಾಡಿದರು. ಹಿಟ್ಟು ಆರುವುದು ನಿಂತಿತು, ಬಿರುಕೂ ನಿಂತಿತು. ನಾನು ನಾಲ್ಕು ಅಂಕ ಕೊಟ್ಟದ್ದು ಇದಕ್ಕೇ. ಯಾವ ಕ್ಯಾಟಲಾಗಿನಲ್ಲಿ ಸಿಗುತ್ತದೆ ಇದು?

ಕೆಲಸ ಹೇಗೆ ಅಂದರೆ, ಎರಡು ರೋಲರ್ ನಡುವೆ ಹಿಟ್ಟು ಹಾಳೆಯಾಗುತ್ತದೆ, ಕಟರ್ ದುಂಡಗೆ ಕತ್ತರಿಸುತ್ತದೆ, ಬೆಲ್ಟ್ ಮೇಲೆ ಸಾಗಿ ಗ್ಯಾಸ್ ಉರಿಯಲ್ಲಿ ಬೇಯುತ್ತದೆ. ಉಳಿದ ಅಂಚು ವಾಪಸ್ ಹಾಪರಿಗೆ. ಬೆಲೆ ಎರಡೂವರೆ ಲಕ್ಷ, ಜಿಎಸ್‌ಟಿ ಬೇರೆ. ಚೀನಾದ್ದಕ್ಕಿಂತ ಜಾಸ್ತಿಯೇ. ತಗಡು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಇದನ್ನು ಅಯಸ್ಕಾಂತ ಹಿಡಿದು ಪರೀಕ್ಷಿಸಿ ಮೋಸ ಹೋಗಬೇಡಿ, ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟೋದಿಲ್ಲ. ಅದಕ್ಕೇ ಅಂತ ಒಂದು ದ್ರಾವಣ ಸಿಗುತ್ತದೆ. ಒಂದು ಹನಿ ಬಿಟ್ಟು ಚಿಕ್ಕ ಬ್ಯಾಟರಿ ಮುಟ್ಟಿಸಿದರೆ 202 ಕೆಂಪಾಗುತ್ತದೆ. ನಮ್ಮದು ಕೆಂಪಾಗಲಿಲ್ಲ.

ಈಗ ತಕರಾರು. ಎಳ್ಳಮಾವಾಸ್ಯೆಗೆ ಕೊಡುತ್ತೇನೆ ಅಂದ ಮಷಿನ್ ಸಂಕ್ರಾಂತಿ ದಾಟಿದ ಮೇಲೆ ಬಂತು. ರೊಟ್ಟಿ ವ್ಯಾಪಾರದವರಿಗೆ ಇದರ ಸಂಕಟ ಗೊತ್ತು. ವರ್ಷದ ಒಳ್ಳೆ ಸೀಸನ್ನೇ ಕೈತಪ್ಪಿತು. ವೈರಿಂಗ್ ಗೋಜಲು. ರೋಲರಿಗೆ ಜಾಲರಿ ಇರಲಿಲ್ಲ, ಹೆಂಗಸರ ಬಳೆ, ಸೆರಗು ಸಿಕ್ಕಿಕೊಂಡರೆ ಗತಿ ಏನು ಅಂತ ಜಗಳ ಮಾಡಿ ಹಾಕಿಸಿದೆ. ಬಳಸೋದು ಹೇಗೆ ಅಂತ ಒಂದು ಕಾಗದ ಕೂಡ ಇಲ್ಲ. "ಫೋನ್ ಮಾಡ್ರಿ" ಅಂತಾರೆ. ಮಾಡಿದರೆ ಬರುತ್ತಾರೆ, ಅದು ನಿಜ.

ನನ್ನ ತಮ್ಮ ಚಾಕಣ್‌ನಲ್ಲಿ ಕೆಲಸ ಮಾಡುತ್ತಾನೆ. ಮಷಿನ್ ನೋಡಿ "ನೋಡಕ್ಕಾ, ಈಗ ಎಲ್ಲಾ ನಮ್ಮಲ್ಲೇ ಆಗ್ತದ" ಅಂದ. 2025ರ ಏಪ್ರಿಲ್-ಜೂನ್‌ನಲ್ಲಿ ಅಮೆರಿಕಕ್ಕೆ ಹೋದ ಸ್ಮಾರ್ಟ್‌ಫೋನುಗಳಲ್ಲಿ ಭಾರತದವೇ ಚೀನಾಕ್ಕಿಂತ ಜಾಸ್ತಿ ಇದ್ದವಂತೆ. ಸುಳ್ಳಲ್ಲ, ಪೇಪರಿನಲ್ಲೂ ಬಂದಿತ್ತು. ನನಗೆ ಕುತೂಹಲ ತಡೆಯಲಿಲ್ಲ, ಹಾಗಾದರೆ ನನ್ನ ಮಷಿನ್ ಎಷ್ಟು ನಮ್ಮದು ಅಂತ ಶೆಡ್ಡಿಗೆ ಹೋಗಿ ಒಂದೊಂದಾಗಿ ಕೇಳಿದೆ. ರೋಲರ್, ಗೇರ್ ಭೋಸರಿಯಲ್ಲೇ ಆದದ್ದು. ತಗಡು ಕತ್ತರಿಸಿದ್ದು ಪಕ್ಕದ ಗಲ್ಲಿಯ ಲೇಸರಿನವರು. ಮೋಟರ್ ಕೊಯಮತ್ತೂರಿನದು. ಬೇರಿಂಗ್ ಎಸ್‌ಕೆಎಫ್. ಕಂಪನಿ ಸ್ವೀಡನ್ನಿನದು, ಫ್ಯಾಕ್ಟರಿ ನಮ್ಮ ಚಿಂಚವಡದಲ್ಲೂ ಇದೆ. ಇದನ್ನು ದೇಶಿ ಅನ್ನಬೇಕಾ, ವಿದೇಶಿ ಅನ್ನಬೇಕಾ? ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಚೀನಾದ್ದು. ಬೆಲ್ಟ್ ಕೂಡ ಹೊರಗಿನದೇ. ಆದರೆ ಡ್ರೈವ್ ಮೇಲೆ ನಂಬರ್ ಇದೆ, ಹಾಳಾದರೆ ಅದೇ ತಾಪಕೀರ್ ಗಲ್ಲಿಯಲ್ಲಿ ಇನ್ನೊಂದು ಸಿಗುತ್ತದೆ. ನನಗೆ ಅಷ್ಟು ಸಾಕು. ಸ್ಕ್ರೂವಿನಿಂದ ಚಿಪ್ಪಿನವರೆಗೆ ಎಲ್ಲಾ ಇಲ್ಲೇ ಆಗಬೇಕು ಅನ್ನೋ ಹಟ ನನಗಿಲ್ಲ.

ಆ ಶೆಡ್ಡಿನ ಮೂಲೆಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತ್, ಅಂದರೆ ಲೋಹ ಕಡೆಯುವ ಯಂತ್ರ, ಒಂದಿದೆ. ಮಾಡಿದ ಕಂಪನಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಲೇತ್ ಇನ್ನೂ ತಿರುಗುತ್ತಿದೆ. ಒಂದು ಸಲ ಬಾಗಿಲು ಹಾಕಿದ್ದನ್ನು ತೆರೆಯೋದು ಸುಲಭವಲ್ಲ. ನಮ್ಮ ಪಿಂಪ್ರಿಯಲ್ಲೇ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಶುರುವಾಗಿದ್ದು ಪೆನಿಸಿಲಿನ್ ಮಾಡೋಕೆ. ಆಮೇಲೆ ಚೀನಾದಿಂದ ಆ ಔಷಧಗಳ ಮೂಲ ಸರಕಾದ ಪೆನಿಸಿಲಿನ್-ಜಿ ಅಗ್ಗಕ್ಕೆ ಬಂತು, ದೇಶದಲ್ಲಿ ಅದರ ತಯಾರಿಕೆಯೇ ನಿಂತಿತು. ಮತ್ತೆ ಶುರುವಾಗಿದ್ದು 2024ರಲ್ಲಿ, ಆಂಧ್ರದ ಕಾಕಿನಾಡದ ಕಡೆ, ಅದೂ ಇಲ್ಲೇ ತಯಾರಿಸಿದರೆ ಪ್ರೋತ್ಸಾಹಧನ ಕೊಡುವ ಸರ್ಕಾರದ ಪಿಎಲ್‌ಐ ಯೋಜನೆಯ ಬಲದಿಂದ. ಮೇಕ್ ಇನ್ ಇಂಡಿಯಾ ಶುರುವಾದ 2014ರಲ್ಲಿ, ದೇಶದ ಆದಾಯದಲ್ಲಿ ತಯಾರಿಕೆಯ ಪಾಲನ್ನು 2022ರ ಹೊತ್ತಿಗೆ ನೂರಕ್ಕೆ 25 ಮಾಡುತ್ತೇವೆ ಅಂದಿದ್ದರು. ಅದು 17ರ ಆಸುಪಾಸಿನಲ್ಲೇ ಉಳಿಯಿತು.

ಯಾಕೆ ಅಂತ ದೊಡ್ಡ ಪಂಡಿತರು ಹೇಳಲಿ. ನನಗೆ ಕಂಡದ್ದು ಈ ಶೆಡ್. ಆರ್ಡರ್ ಬೇಕಾದಷ್ಟಿದೆ, ಕೈ ಇಲ್ಲ. ಲೇತ್ ಮೇಲೆ ನಿಲ್ಲೋನು ಅರವತ್ತು ದಾಟಿದ ಒಬ್ಬ ಮಿಸ್ತ್ರಿ. ಕಲಿಯೋಕೆ ಬಂದ ಹುಡುಗರು ಚಾಕಣ್‌ನ ದೊಡ್ಡ ಫ್ಯಾಕ್ಟರಿಗೋ, ಬೈಕ್ ಮೇಲೆ ಊಟ ಹಂಚೋಕೋ ಹೋಗುತ್ತಾರೆ. ತಪ್ಪೇನೂ ಇಲ್ಲ, ಇವರು ಕೊಡೋ ಪಗಾರವೇ ಅಷ್ಟು. ಪಗಾರ ಯಾಕೆ ಹೆಚ್ಚಿಸಲ್ಲ ಅಂದರೆ, ಇವರಿಂದ ಬಿಡಿಭಾಗದ ಕೆಲಸ (ಜಾಬ್‌ವರ್ಕ್) ಮಾಡಿಸಿಕೊಳ್ಳುವ ಕಂಪನಿಗಳ ದುಡ್ಡು ತಿಂಗಳುಗಟ್ಟಲೆ ಬರೋದಿಲ್ಲ. ಇಂಥ ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಕೊಡಬೇಕು ಅಂತ 2006ರ ಕಾಯ್ದೆಯೇ ಇದೆ. ತಡ ಮಾಡಿದರೆ ಆ ಖರ್ಚಿಗೆ ಆ ವರ್ಷ ತೆರಿಗೆ ವಿನಾಯಿತಿ ಇಲ್ಲ ಅಂತ 2024ರ ಏಪ್ರಿಲ್‌ನಿಂದ ಬಿಗಿಯನ್ನೂ ಮಾಡಿದ್ದಾರೆ. ದೂರು ಕೊಡಿ ಅಂದೆ. "ಕೊಟ್ರ ನಾಳೆ ಕೆಲಸ ಯಾರು ಕೊಡ್ತಾರ ಅಕ್ಕಾರ?" ಅಂದರು. ನನ್ನ ಮಷಿನ್ ಸಂಕ್ರಾಂತಿ ದಾಟಿದ್ದು ಇದಕ್ಕೇ. ಮೋಟರಿಗೆ ಕೊಡೋಕೆ ಅವರ ಹತ್ತಿರ ಆಗ ದುಡ್ಡಿರಲಿಲ್ಲ. ಗೊತ್ತಾದ ಮೇಲೆ ಸಿಟ್ಟು ಇಳಿಯಿತು, ಅಂಕ ಮಾತ್ರ ವಾಪಸ್ ಕೊಡಲಿಲ್ಲ. ನನಗಾದ ನಷ್ಟ ನಷ್ಟವೇ ಅಲ್ವಾ?

ಭೋಸರಿಯ ಜೆ ಬ್ಲಾಕ್, ಎಸ್ ಬ್ಲಾಕ್ ಕಡೆ ಸುತ್ತಿದರೆ ಇಂಥ ಮಷಿನ್ ಮಾಡುವವರು ಬೇರೆಯವರೂ ಸಿಗುತ್ತಾರೆ. ನಿಮ್ಮದೇ ಹಿಟ್ಟು ಒಯ್ದು ಟ್ರಯಲ್ ನೋಡಿ. ಅಡ್ವಾನ್ಸ್ ಕೊಡುವಾಗ ಮೋಟರ್, ಡ್ರೈವ್ ನಾನೇ ಕೊಂಡು ಕೊಡುತ್ತೇನೆ ಅನ್ನಿ, ಕೆಲಸ ಬೇಗ ಆಗುತ್ತದೆ. ಜಾಲರಿ ಇಲ್ಲದೆ ಡೆಲಿವರಿ ತಗೋಬೇಡಿ. ಗುರುವಾರ ಮಾತ್ರ ಹೋಗಬೇಡಿ, ಅವತ್ತು ಭೋಸರಿಗೆ ವಾರದ ರಜೆ.