ಮೂಳೆ ಕ್ಲಿನಿಕ್‌ನಲ್ಲಿ ವೈಕಲ್ಯದ ಪರ್ಸೆಂಟ್ ಬರೆದುಕೊಟ್ಟರು, ಕೆಲಸ ಏನು ಅಂತ ಕೇಳಲಿಲ್ಲ: 5ಕ್ಕೆ 2 ಸ್ಟಾರ್

ನಮ್ಮ ಭಾವ ಸೆಂಟ್ರಿಂಗ್ ಕೆಲಸದವರು. 2022ರಲ್ಲಿ ಸಾರವೆಯಿಂದ ಬಿದ್ದು ಬಲಗಾಲಿನ ಹಿಮ್ಮಡಿ ಮೂಳೆ ಮುರಿಯಿತು. ಆಗ ಅವರಿಗೆ 35 ವರ್ಷ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಲಿಲ್ಲ, ಹಾಗಾಗಿ ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಕೇಸು ಹಾಕಿದೆವು. ವೈಕಲ್ಯದ ಸರ್ಟಿಫಿಕೇಟ್‌ಗೆ ಹೋಗಿದ್ದು ಒಂದು ಮೂಳೆ ಕ್ಲಿನಿಕ್‌ಗೆ. ಹೆಸರು ಬೇಡ ಬಿಡಿ.

ಪರೀಕ್ಷೆ ಚೆನ್ನಾಗಿಯೇ ಮಾಡಿದರು. ಹೊಸ ಎಕ್ಸ್‌ರೇ ತೆಗೆಸಿ, ಪಾದ ಎಷ್ಟು ತಿರುಗುತ್ತದೆ ಅಂತ ಅಳೆದು, ಕುಕ್ಕರುಗಾಲಲ್ಲಿ ಕೂರಿಸಿ, ನಡೆಸಿ ನೋಡಿದರು. ಕೊನೆಗೆ ಬರೆದಿದ್ದು ಮಾತ್ರ ಒಂದೇ ಸಾಲು: ಕಾಲಿಗೆ 30%, ಇಡೀ ದೇಹಕ್ಕೆ 10%.

ಎಡವಟ್ಟಾಗಿದ್ದು ಅಲ್ಲೇ. ಕೈಯ ಹೆಬ್ಬೆರಳು ಹೋದರೆ 30% ಅಂತ ಆ ಕಾಯ್ದೆಯ ಪಟ್ಟಿಯಲ್ಲೇ ಇತ್ತು, ಆದರೆ ಹಿಮ್ಮಡಿ ಮೂಳೆ ಸೊಟ್ಟಗೆ ಕೂಡಿಕೊಂಡರೆ ಎಷ್ಟು ಅಂತ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಪೆಟ್ಟಿಗೆ ಡಾಕ್ಟರ್ ಹೇಳಬೇಕಾದ್ದು ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನೋದನ್ನ. ಅದು ಕೆಲಸದ ಮೇಲೆ ನಿಂತಿದೆ, ಅಲ್ವಾ? ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡ ಬಡಗಿಗೆ 1976ರಲ್ಲೇ ಸುಪ್ರೀಂ ಕೋರ್ಟ್ 100% ನಷ್ಟ ಅಂತ ಒಪ್ಪಿದೆ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ ಅಂತ.

ದುಡ್ಡಿನ ಲೆಕ್ಕ ನೋಡಿ. ತಿಂಗಳ ಕೂಲಿ ಎಷ್ಟೇ ಇರಲಿ, 2022ರಲ್ಲಿ ಲೆಕ್ಕಕ್ಕೆ ಹಿಡಿಯುತ್ತಿದ್ದುದು 15,000ದವರೆಗೆ. ದುಡಿಯುವ ಶಕ್ತಿ ಪೂರ್ತಿ ಹೋದರೆ ಅದರ 60% ಅಂದರೆ 9,000, ಅದನ್ನು 35 ವಯಸ್ಸಿಗೆ ಕಾಯ್ದೆ ಕೊಟ್ಟಿದ್ದ ಅಂಕಿ 197.06ರಿಂದ ಗುಣಿಸಿದರೆ 17,73,540 ರೂಪಾಯಿ. ಇದರಲ್ಲಿ 10% ಸಿಕ್ಕಿದರೆ 1,77,354, 30% ಸಿಕ್ಕಿದರೆ 5,32,062. ಸುಮ್ನೆ ಗೀಚಿದ ಆ ಒಂದು ಸಾಲಿನ ಬೆಲೆ ಇಷ್ಟು!

ಸಾಕ್ಷಿ ಹೇಳಲು ಡಾಕ್ಟರ್ ಬಂದರು, ಎರಡು ವಾಯಿದೆ ತಪ್ಪಿಸಿಕೊಂಡು ಮೂರನೆಯದಕ್ಕೆ. ಪಾಟಿ ಸವಾಲಿನಲ್ಲಿ ಮಾಲೀಕರ ಕಡೆಯ ವಿಮೆ ಕಂಪನಿ ವಕೀಲರು 'ಚಿಕಿತ್ಸೆ ಕೊಟ್ಟವರು ನೀವಲ್ಲ ಅಲ್ವಾ' ಅಂತ ಶುರು ಮಾಡಿ, ಆ 10%ನ್ನೇ ಹಿಡಿದು ಜಗ್ಗಿದರು. ಆಮೇಲೆ ನಮ್ಮ ವಕೀಲರು ಕೇಳಿದ್ದು ಒಂದೇ: ಇವರು ಇನ್ನು ಸಾರವೆ ಹತ್ತಬಹುದಾ? 'ಆಗಲ್ಲ, ಏಣಿಯೂ ಕಷ್ಟ' ಅಂದರು ಡಾಕ್ಟರ್. ಒಂದು ಸ್ಟಾರ್ ಪರೀಕ್ಷೆಗೆ, ಇನ್ನೊಂದು ಈ ಮಾತಿಗೆ.

ನೀವು ಹೋಗುವುದಾದರೆ ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹಳೇ ಎಕ್ಸ್‌ರೇ ಎಲ್ಲ ಹಿಡಿದುಕೊಂಡು ಹೋಗಿ, ಅವರು ಕೇಳದಿದ್ದರೂ ಏನು ಕೆಲಸ ಮಾಡುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ ಅಂತ ಹೇಳಿ ಬರೆಸಿಕೊಂಡೇ ಕುರ್ಚಿ ಬಿಟ್ಟು ಏಳಿ.