ಚಾರ್ಮಾಡಿಯಲ್ಲಿ ಅಪ್ಪನ ಪದ್ಮಿನಿ, ನನ್ನ ಆಲ್ಟೊ

ಮೂಡಿಗೆರೆ ಹತ್ತಿರದ ನಮ್ಮ ಮನೆಯ ಶೆಡ್ಡಿನಲ್ಲಿ ಎರಡು ಕಾರು ನಿಲ್ಲುತ್ತವೆ. ಒಂದು ಅಪ್ಪ ಕೊಂಡ 1978ರ ಪ್ರೀಮಿಯರ್ ಪದ್ಮಿನಿ. ಇನ್ನೊಂದು ನಾನು 2023ರಲ್ಲಿ ತಗೊಂಡ ಆಲ್ಟೊ ಕೆ10. ಕಳೆದ ಏಪ್ರಿಲ್‌ನಲ್ಲಿ ಒಂದೇ ವಾರದೊಳಗೆ ಎರಡನ್ನೂ ಚಾರ್ಮಾಡಿ ಘಾಟಿ ಇಳಿಸಿ, ಉಜಿರೆ ಮುಟ್ಟಿಸಿ, ಮತ್ತೆ ಹತ್ತಿಸಿಕೊಂಡು ಬಂದೆ. ಎರಡು ಸಲವೂ ಪಕ್ಕದಲ್ಲಿ ಅಮ್ಮ.

ಪದ್ಮಿನಿ ತಯಾರಾಗಿದ್ದು ಮುಂಬೈಯ ಕುರ್ಲಾದಲ್ಲಿ. ಮೂಲ ಇಟಲಿಯ ಫಿಯೆಟ್ 1100. ಅದಕ್ಕೇ ನಮ್ಮೂರಲ್ಲಿ ಇವತ್ತಿಗೂ ಅದು 'ಫಿಯೆಟ್ಟು'. ಇಂಜಿನ್ 1089 ಸಿಸಿ. ಆಲ್ಟೊದು 998. ಗಾತ್ರ ನೋಡಿದರೆ ಹಳೆಯದೇ ದೊಡ್ಡದು, ಆದರೆ ಏರಿನಲ್ಲಿ ಆಲ್ಟೊ ಎರಡನೇ ಗೇರಿನಲ್ಲಿ ಸಲೀಸಾಗಿ ಹತ್ತುವ ಕಡೆ ಪದ್ಮಿನಿಗೆ ಫಸ್ಟ್ ಗೇರ್ ಬೇಕಾಗುತ್ತದೆ.

ಹತ್ತುವಾಗ ಅರ್ಧ ದಾರಿಯಲ್ಲಿ ಪದ್ಮಿನಿ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಬಾನೆಟ್ ಎತ್ತಿದರೆ ಮುಖಕ್ಕೆ ಕಾವು ಹೊಡೆಯಿತು. ಕಾರ್ಬೊರೇಟರ್ ಕಾಲದ ಕಾರುಗಳಿಗೆ ಇದು ಹೊಸದಲ್ಲ. ಪೆಟ್ರೋಲ್ ಪಂಪು ಇಂಜಿನ್‌ಗೇ ಅಂಟಿಕೊಂಡಿರುತ್ತದೆ. ಬಿಸಿಲು ಜಾಸ್ತಿಯಾದರೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗುತ್ತದೆ, ಪಂಪು ಎಳೆದರೂ ಬರುವುದಿಲ್ಲ. ನಾನು ನೀರಿನ ಬಾಟಲಿ ಹುಡುಕುವಷ್ಟರಲ್ಲಿ ಅಮ್ಮ ಬ್ಯಾಗಿನಿಂದ ಟವೆಲ್ ತೆಗೆದು ಒದ್ದೆ ಮಾಡಿ ಕೈಗೆ ಕೊಟ್ಟರು. "ಪಂಪಿನ ಮೇಲೆ ಸುತ್ತು. ಕಾಲು ಗಂಟೆ ಬಿಡು. ನಿಮ್ಮಪ್ಪ ಹಾಗೇ ಮಾಡ್ತಿದ್ರು" ಅಂದರು. ಟವೆಲ್ಲಿನಿಂದ ಹಬೆ ಎದ್ದಿತು. ಕಾಲು ಗಂಟೆ ಕಳೆದು ಕೀ ತಿರುಗಿಸಿದೆ, ಒಂದೇ ಸಲಕ್ಕೆ ಹತ್ತಿಕೊಂಡಿತು. ಆಲ್ಟೊದ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಅದಕ್ಕೆ ಈ ತಾಪತ್ರಯವೇ ಇಲ್ಲ.

ಇಳಿಯುವಾಗಿನ ಮಾತೇ ಬೇರೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಎರಡನೇ ಗೇರಿನಲ್ಲೇ ಇಳಿಸಿದೆ, ಆದರೂ ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಪೆಡಲ್ ಮೇಲೆ ಇನ್ನೂ ಭಾರ ಹಾಕಬೇಕಾಯಿತು. ಆಲ್ಟೊದಲ್ಲಿ ಅದೇ ಇಳಿಜಾರಿನಲ್ಲಿ ತಿರುವಿನಾಚೆಯಿಂದ ಲಾರಿಯೊಂದು ನನ್ನ ಪಕ್ಕಕ್ಕೇ ನುಗ್ಗಿತು. ಬ್ರೇಕ್ ಒತ್ತಿ ಹಿಡಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಾಲಡಿಯಲ್ಲಿ ಗಡಗಡ ಅಂದಿತು, ಸ್ಟೀರಿಂಗ್ ತಿರುಗುತ್ತಲೇ ಇತ್ತು, ಕಾರು ಬದಿಗೆ ಸರಿದು ನಿಂತಿತು. ಆ ಜಾಗದಲ್ಲಿ ಪದ್ಮಿನಿ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಏರ್‌ಬ್ಯಾಗ್ ಆಲ್ಟೊದಲ್ಲಿದೆ, ಪದ್ಮಿನಿಯಲ್ಲಿಲ್ಲ. ಮನೆಯವರನ್ನು ಕೂರಿಸಿಕೊಂಡು ಘಾಟಿಗೆ ಹೋಗುವುದಾದರೆ ಆಲ್ಟೊನೇ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೂರುವ ವಿಷಯಕ್ಕೆ ಬಂದರೆ ಪದ್ಮಿನಿಯನ್ನು ಹೊಗಳಲೇಬೇಕು. ಮುಂದೆ ಒಂದೇ ಉದ್ದ ಸೀಟು. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರುವುದರಿಂದ ನಡುವೆ ಏನೂ ಅಡ್ಡ ಇಲ್ಲ. ಅಮ್ಮನಿಗೆ ಮಂಡಿನೋವು. ಆಲ್ಟೊದಲ್ಲಿ ಬಾಗಿಲು ಹಿಡಿದು ಕೆಳಗೆ ಕುಸಿದು ಕೂರಬೇಕು, ಏಳುವಾಗ ನನ್ನ ಕೈ ಬೇಕು. ಪದ್ಮಿನಿಯಲ್ಲಿ ಕುರ್ಚಿ ಮೇಲೆ ಕೂತ ಹಾಗೆ ಕೂತು, ಹಾಗೇ ಎದ್ದು ಬರುತ್ತಾರೆ. ಕಿಟಕಿಯ ಮುಂದಿನ ತ್ರಿಕೋನದ ಪುಟ್ಟ ಗಾಜು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ. ಗಾಜುಗಳ ನಡುವಿನ ಕಂಬಗಳು ತೆಳು, ಸುತ್ತ ಕಣಿವೆ ಪೂರ್ತಿ ಕಾಣುತ್ತದೆ.

ಖರ್ಚು ಹೇಳಿಬಿಡ್ತೀನಿ. ನನ್ನ ಲೆಕ್ಕದಲ್ಲಿ ಪದ್ಮಿನಿ ಲೀಟರಿಗೆ 11 ಕಿ.ಮೀ. ಕೊಟ್ಟಿತು, ಆಲ್ಟೊ 20. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರಿಗೆ ಒಗ್ಗುವುದಿಲ್ಲ ಅಂತ ಟ್ಯೂಬುಗಳನ್ನೆಲ್ಲ ಬದಲಾಯಿಸಿದ್ದೇನೆ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವೂ ಆಗಬೇಕು.

ಈ ಮಳೆಗಾಲ ಪದ್ಮಿನಿ ಶೆಡ್ಡಲ್ಲೇ. ಬಿಸಿಲು ಬಂದ ಮೇಲೆ ಅಮ್ಮನನ್ನು ಚಿಕ್ಕಮಗಳೂರಿಗೆ ಮಂಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಆ ದಿನಕ್ಕೆ ಅದನ್ನೇ ತೆಗೆಯುತ್ತೇನೆ.