ಕೋಸ್ ಮಂಕಿ ಸ್ಪ್ಯಾನರೋ, ಯೋಹಾನ್ಸನ್ ಸ್ಕ್ರೂ ಸ್ಪ್ಯಾನರೋ?

ಹತ್ತೊಂಬತ್ತನೆಯ ಶತಮಾನದಲ್ಲಿ ಪೇಟೆಂಟ್ ಪಡೆದ, ಬಾಯಿಯ ಅಗಲವನ್ನು ನಟ್ಟಿಗೆ ತಕ್ಕಂತೆ ಹೊಂದಿಸಬಹುದಾದ ಸ್ಪ್ಯಾನರೊಂದನ್ನು ಕೊಳ್ಳಬೇಕೆನ್ನುವವರ ಮುಂದೆ ಎರಡು ಮಾದರಿಗಳು ಬಂದು ನಿಲ್ಲುತ್ತವೆ. ಅಮೆರಿಕದ ವುಸ್ಟರ್ ಪಟ್ಟಣದ ಲೋರಿಂಗ್ ಕೋಸ್ 1841ರಲ್ಲಿ ಪೇಟೆಂಟ್ ಪಡೆದ ಮಂಕಿ ಸ್ಪ್ಯಾನರಿನಲ್ಲಿ ನಟ್ಟನ್ನು ಕಚ್ಚಿ ಹಿಡಿಯುವ ದವಡೆಗಳು ಹಿಡಿಕೆಗೆ ಲಂಬವಾಗಿರುತ್ತವೆ. ದವಡೆಯನ್ನು ಸರಿಸಲು, ದಂಡದ ಪಕ್ಕದಲ್ಲೇ ಸಾಗುವ ತಿರುಪನ್ನು, ಸ್ಪ್ಯಾನರ್ ಹಿಡಿದ ಕೈಯ ಹೆಬ್ಬೆರಳಿನಿಂದಲೇ ತಿರುಗಿಸಬಹುದು. ಸ್ವೀಡನ್ನಿನ ಎನ್‌ಶೋಪಿಂಗ್‌ನಲ್ಲಿ ಕಾರ್ಯಾಗಾರ ನಡೆಸುತ್ತಿದ್ದ ಯೋಹಾನ್ ಪೆಟರ್ ಯೋಹಾನ್ಸನ್ 1888ರಲ್ಲಿ ಪೈಪ್ ರೆಂಚಿಗೂ 1892ರಲ್ಲಿ ಸ್ಕ್ರೂ ಸ್ಪ್ಯಾನರಿಗೂ ಪೇಟೆಂಟ್ ಪಡೆದರು. ಈ ಸ್ಕ್ರೂ ಸ್ಪ್ಯಾನರಿನ ಬಾಯಿ ಹಿಡಿಕೆಗೆ ತುಸು ಓರೆಯಾಗಿರುವುದರಿಂದ, ಇಕ್ಕಟ್ಟಾದ ಜಾಗದಲ್ಲಿ ಸ್ಪ್ಯಾನರನ್ನು ಮಗುಚಿ ಹಾಕಿ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಬಹುದು.

ದೊಡ್ಡ ಚೌಕ ನಟ್ಟುಗಳಿಗೆ ಕೋಸ್ ಮಾದರಿ ಗಟ್ಟಿ, ಆದರೆ ಭಾರ. ಯಂತ್ರದ ಸಂದಿಯೊಳಗೆ ಅದರ ತಲೆ ತೂರುವುದೇ ಇಲ್ಲ. ದಿನನಿತ್ಯದ ಕೆಲಸಕ್ಕಾದರೆ ನಾನು ಯಾವ ಅನುಮಾನವೂ ಇಲ್ಲದೆ ಯೋಹಾನ್ಸನ್ ಮಾದರಿಯನ್ನೇ ಆರಿಸುತ್ತೇನೆ. ಕೊಳ್ಳುವಾಗ ಬಾಯಿಯನ್ನು ಅರ್ಧ ತೆರೆದು, ಚಲಿಸುವ ದವಡೆಯನ್ನು ಬೆರಳಲ್ಲಿ ಅಲುಗಾಡಿಸಿ ನೋಡಬೇಕು: ಅದು ಟಕಟಕ ಎಂದು ಸಡಿಲವಾಗಿ ಆಡಿದರೆ ತಿರುಪಿನ ಹಲ್ಲು ಸವೆದಿದೆ, ನಟ್ಟಿನ ಮೂಲೆಗಳನ್ನು ಅದು ಉರುಟಾಗಿಸಿಬಿಡುತ್ತದೆ.

ಸಂಗ್ರಹಕ್ಕಾದರೆ ಕೋಸ್ ಹೆಚ್ಚು ರಂಜಕ. ಅದರ ಮೇಲೆ ಒತ್ತಿರುವ ಪೇಟೆಂಟ್ ತಾರೀಖು 1880 ಅಥವಾ 1884 ಎಂದಿದ್ದರೆ ನಕಲಿಯೆಂದು ಗಾಬರಿಯಾಗಬೇಕಿಲ್ಲ. ಅವು ಆಮೇಲಿನ ಸುಧಾರಣೆಗಳ ತಾರೀಖುಗಳು, ಆ ಉಪಕರಣ ತಯಾರಾದ ವರ್ಷವಂತೂ ಅಲ್ಲ.